ಯಜಮಾನನಿಲ್ಲದ ಭೂಕಂಪಗಳು

ಮಲಗುವ ಮುಂಚೆ ಭೂಕಂಪದ ನಕ್ಷೆ ತೆರೆದು ನೋಡುವುದು ನನಗೊಂದು ಚಟ. ಜಪಾನ್, ಚಿಲಿ ಕಡೆ ಚುಕ್ಕೆ ಕಂಡರೆ ಸುಮ್ನೆ ಮುಂದೆ ಹೋಗುತ್ತೇನೆ. ಅಲ್ಲಿ ಭೂಫಲಕಗಳ ಅಂಚಿದೆ, ನಡುಗುವುದು ಮಾಮೂಲಿ. ಅಂಚಿನಿಂದ ಎಷ್ಟೋ ದೂರದಲ್ಲಿ, ಒಂದೇ ಕಡೆ ಸಣ್ಣ ಚುಕ್ಕೆಗಳು ಗುಂಪು ಕಟ್ಟಿದ್ದರೆ ಮಾತ್ರ ನಿದ್ದೆ ಹಾರಿಹೋಗುತ್ತದೆ.

ಇದಕ್ಕೆ ಸ್ವಾರ್ಮ್ ಅನ್ನುತ್ತಾರೆ. ಸಾಮಾನ್ಯವಾಗಿ ಮೊದಲು ದೊಡ್ಡ ಭೂಕಂಪ, ಅದರ ಬೆನ್ನಿಗೆ ಸಣ್ಣವು. ಇಲ್ಲಿ ಹಾಗೆ ಯಜಮಾನನೇ ಇರುವುದಿಲ್ಲ. ಅಮೆರಿಕದ ಅರ್ಕನ್ಸಾಸ್‌ನ ಇನೋಲಾದಲ್ಲಿ 1982ರ ಜನವರಿಯಲ್ಲಿ ಶುರುವಾದದ್ದು, ಕೆಲವೇ ವರ್ಷಗಳಲ್ಲಿ 30,000 ದಾಟಿತು. ಅಷ್ಟೂ ಕಂಪನಗಳಲ್ಲಿ ಅತಿ ದೊಡ್ಡದರ ತೀವ್ರತೆ ಬರೀ 4.5!

ಬಹಳ ಸಲ ಇದರ ಹಿಂದೆ ಇರುವುದು ನೀರು, ಇಲ್ಲವೇ ಗ್ಯಾಸು. ಆಳದ ಬಂಡೆಗಳ ಹಳೆಯ ಬಿರುಕುಗಳು ಬಿಗಿಯಾಗಿ ಒತ್ತಿಕೊಂಡಿರುತ್ತವೆ. ಒಳಗೆ ದ್ರವದ ಒತ್ತಡ ಏರಿದರೆ ಆ ಹಿಡಿತ ಸಡಿಲವಾಗಿ ಬಂಡೆ ಜಾರುತ್ತದೆ. ಜೆಕ್-ಜರ್ಮನಿ ಗಡಿಯಲ್ಲಿ ಮತ್ತೆ ಮತ್ತೆ ಬರುವ ಸ್ವಾರ್ಮ್‌ಗಳಿಗೆ ಆಳದಿಂದ ಏಳುವ ಇಂಗಾಲದ ಡೈಆಕ್ಸೈಡ್ ಕಾರಣ ಎನ್ನುತ್ತಾರೆ. ಅಲ್ಲಿ ಅದು ಕೆಸರಿನಲ್ಲಿ ಗುಳುಗುಳು ಗುಳ್ಳೆಯಾಗಿ ಹೊರಬರುತ್ತದೆ.

ಮನುಷ್ಯರು ಮಾಡಿಕೊಂಡದ್ದೂ ಉಂಟು. ಅಮೆರಿಕದ ಡೆನ್ವರ್ ನಗರದ ಪಕ್ಕ 1962ರಲ್ಲಿ ಸೇನೆಯವರು ರಾಸಾಯನಿಕ ಕಾರ್ಖಾನೆಯ ಕೊಳೆನೀರನ್ನು 3,600 ಮೀಟರಿಗೂ ಹೆಚ್ಚು ಆಳದ ಬಾವಿಗೆ ಪಂಪ್ ಮಾಡತೊಡಗಿದರು. ಎರಡು ತಿಂಗಳೊಳಗೆ ನೆಲ ಅಲುಗಾಡಿತು. 1966ರಲ್ಲಿ ಪಂಪ್ ನಿಲ್ಲಿಸಿದರು. ಮುಗೀತು ಅಂದುಕೊಳ್ಳುತ್ತೀರಿ, ಅಲ್ವಾ? ಅಲ್ಲಿನ ದೊಡ್ಡ ಕಂಪನಗಳು ಬಂದದ್ದು 1967ರಲ್ಲಿ. ಮೇಲೆ ಮೋಟಾರು ನಿಂತಿದ್ದರೂ ಒತ್ತಡ ಒಳಗೊಳಗೇ ಹರಡುತ್ತಿತ್ತು. ನನಗೆ ಈ ಕತೆ ಎಷ್ಟು ಸಲ ಓದಿದರೂ ಬೇಜಾರಾಗಿಲ್ಲ.

ನಮ್ಮ ದೇಶದಲ್ಲಿ 2018ರ ನವೆಂಬರ್‌ನಿಂದ ಮಹಾರಾಷ್ಟ್ರದ ಪಾಲ್ಘರ್ ಜಿಲ್ಲೆಯ ಡಹಾಣು ಕಡೆ ಇಂಥದ್ದೇ ಶುರುವಾಯಿತು. ಆಳ ಕಡಿಮೆ ಇದ್ದರೆ ಸಣ್ಣ ಕಂಪನವೂ ಢಂ ಎಂದು ಸದ್ದು ಮಾಡಿ ಬರುತ್ತದೆ. ಜನ ಮನೆ ಬಿಟ್ಟು ಟೆಂಟ್‌ನಲ್ಲಿ ಮಲಗಿದರು.

ಇಂಥ ಹೊತ್ತಲ್ಲಿ ಯಾರೋ ಒಬ್ಬರು "ಸಣ್ಣವು ಬಂದಷ್ಟೂ ಒಳ್ಳೇದು, ಶಕ್ತಿ ಖಾಲಿಯಾಗುತ್ತೆ" ಎನ್ನುತ್ತಾರೆ. ಈ ಸಮಾಧಾನ ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಲೆಕ್ಕ ಹಾಕಿ ನೋಡಿ. ತೀವ್ರತೆ ಒಂದು ಅಂಕ ಏರಿದರೆ ಶಕ್ತಿ ಸುಮಾರು 32 ಪಟ್ಟು. 6ರ ಒಂದೇ ಭೂಕಂಪದ ಶಕ್ತಿ ತೀರಲು 3ರವು ಮೂವತ್ತು ಸಾವಿರಕ್ಕೂ ಜಾಸ್ತಿ ಬೇಕು. ಹೆಚ್ಚಿನ ಸ್ವಾರ್ಮ್‌ಗಳು ತಾವಾಗಿಯೇ ತಣ್ಣಗಾಗುತ್ತವೆ ಎನ್ನುವುದೇನೋ ನಿಜ. ಆದರೆ ಯಾವಾಗ ಎಂದು ಯಾರೂ ಹೇಳಲಾರರು. ಅಷ್ಟರೊಳಗೆ ದಿನವೂ ಅಲುಗಾಡುವ ಮಣ್ಣಿನ ಗೋಡೆಗೆ 3-4ರ ಕಂಪನವೇ ಸಾಕು. ಅಲ್ಲಿಯವರಿಗೆ ಬೇಕಿರುವುದು ಆ ಗೋಡೆ ನೋಡಿ ಹೇಳುವ ಎಂಜಿನಿಯರ್.