ಡಿಲ್ಲನ್ ಕೆರೆ ಮೇಲೊಂದು ಟೆಂಟು, ಅಪ್ಪನ 1819 ಅಡಿ

ಡೆನ್ವರ್‌ನಲ್ಲಿರುವ ಕನ್ನಡದವರ ಮನೆಗೆ ಬೇಸಿಗೆಯಲ್ಲಿ ಊರಿಂದ ಅಪ್ಪ ಅಮ್ಮ ಬಂದರೆ ಸುತ್ತಿಸುವ ಜಾಗಗಳು ಹೆಚ್ಚುಕಡಿಮೆ ಎಲ್ಲರದ್ದೂ ಒಂದೇ. ಗಾರ್ಡನ್ ಆಫ್ ದ ಗಾಡ್ಸ್, ಪೈಕ್ಸ್ ಪೀಕ್, ರಾಕಿ ಮೌಂಟನ್ ನ್ಯಾಷನಲ್ ಪಾರ್ಕ್, ಇನ್ನೂ ಉಮೇದು ಉಳಿದಿದ್ದರೆ ಮೌಂಟ್ ರಷ್‌ಮೋರ್. ಕಾರಿಂದ ಇಳಿ, ಫೋಟೋ ತೆಗೆ, ಮತ್ತೆ ಹತ್ತು. ಅಪ್ಪನಿಗೆ ಇದು ಬೇಗ ಸಾಕಾಯಿತು. ಸಾಗರದ ಹತ್ತಿರ ತೋಟ ಮಾಡಿಕೊಂಡಿರುವ ಮನುಷ್ಯ, ದಿನಕ್ಕೆರಡು ಸಲ ಗದ್ದೆ ತೋಟ ತಿರುಗದಿದ್ದರೆ ಊಟ ಸೇರುವುದಿಲ್ಲ. ಅದಕ್ಕೇ ಜುಲೈನಲ್ಲಿ ಡಿಲ್ಲನ್ ಜಲಾಶಯದ ಮೇಲಿರುವ ಪ್ರಾಸ್ಪೆಕ್ಟರ್ ಕ್ಯಾಂಪ್‌ಗ್ರೌಂಡ್‌ನಲ್ಲಿ ಟೆಂಟ್ ಹಾಕೋಣ ಅಂದೆ. ಅಪ್ಪ ತಕ್ಷಣ ಹೂಂ ಅಂದರು. ಅಮ್ಮ ಮಾತ್ರ, "ಟೆಂಟಲ್ಲಿ ಮಲಗಕ್ಕೆ ಅಷ್ಟು ದುಡ್ಡು ಕೊಟ್ಟು ವಿಮಾನದಲ್ಲಿ ಬರಬೇಕಿತ್ತಾ?" ಅಂತ ಕೇಳಿದರು. ಉತ್ತರ ನನ್ನ ಹತ್ತಿರ ಇರಲಿಲ್ಲ.

ಡೆನ್ವರ್‌ನಿಂದ ಐ-70 ಹಿಡಿದು ಪಶ್ಚಿಮಕ್ಕೆ ಹೋಗಬೇಕು. 11,000 ಅಡಿಗೂ ಮೇಲೆ ಐಸೆನ್‌ಹೋವರ್ ಸುರಂಗ ಸಿಗುತ್ತದೆ, ಅದರಿಂದ ಆಚೆ ಬಂದರೆ ಇಳಿಜಾರು, ಕೆಳಗೆ ಡಿಲ್ಲನ್. ಟ್ರಾಫಿಕ್ ಇಲ್ಲದಿದ್ದರೆ ಒಂದೂವರೆ ಗಂಟೆ. ಶುಕ್ರವಾರ ಸಂಜೆ ಹೋಗುವುದು, ಭಾನುವಾರ ಮಧ್ಯಾಹ್ನ ವಾಪಸ್ ಬರುವುದು ಎರಡೂ ಬೇಡ, ಇಡೀ ಡೆನ್ವರ್ ಅದೇ ರಸ್ತೆಯಲ್ಲಿರುತ್ತದೆ. ನಾವು ವಾರದ ಮಧ್ಯೆ ಹೋದೆವು.

ಕ್ಯಾಂಪ್‌ಗ್ರೌಂಡ್ ಇರುವುದು ವೈಟ್ ರಿವರ್ ನ್ಯಾಷನಲ್ ಫಾರೆಸ್ಟ್ ಒಳಗೆ, ಸ್ವಾನ್ ಮೌಂಟನ್ ರೋಡ್ ಪಕ್ಕ, ಸುಮಾರು 9,100 ಅಡಿ ಎತ್ತರದಲ್ಲಿ. ನಮ್ಮ ಮುಳ್ಳಯ್ಯನಗಿರಿ ತುದಿ 6,300 ಅಡಿ ಚಿಲ್ಲರೆ ಅಲ್ವಾ, ಅದಕ್ಕಿಂತ ಎರಡೂವರೆ ಸಾವಿರ ಅಡಿಗೂ ಮೇಲೆ ನಾವು ಚಾಪೆ ಹಾಸಿದ್ದು. ಕರೆಂಟ್ ಇಲ್ಲ, ಸ್ನಾನದ ಮನೆ ಇಲ್ಲ, ಹೊಂಡದ ಕಕ್ಕಸು. ಅಮ್ಮ ಅದರೊಳಗೆ ಹೋಗಿ ಬಂದು, "ವಾಸನೆ ಇಲ್ಲ, ಪರವಾಗಿಲ್ಲ" ಅಂದರು. ನಾನು ಅಲ್ಲಿಗೆ ಅರ್ಧ ಗೆದ್ದೆ ಅಂದುಕೊಂಡೆ. ಪ್ರತಿ ಟೆಂಟ್ ಜಾಗಕ್ಕೂ ಒಂದು ಮರದ ಟೇಬಲ್, ಬೆಂಕಿ ಹಾಕಲು ಒಂದು ಕಬ್ಬಿಣದ ಬಳೆ. ಕೆಳಗೆ ಕೆರೆ. ಅದರಾಚೆ ಟೆನ್‌ಮೈಲ್ ಬೆಟ್ಟಸಾಲು, ತುದಿಗಳಲ್ಲಿ ಜುಲೈನಲ್ಲೂ ಹಿಮದ ಪಟ್ಟಿಗಳು.

ನೋಟ ಚೆನ್ನಾಗಿದೆ. ಆದರೆ ಅದು ಇಷ್ಟು ಸಲೀಸಾಗಿ ಕಾಣಲು ಒಂದು ಕಾರಣ ಇದೆ, ಅದು ಅಷ್ಟು ಚೆನ್ನಾಗಿಲ್ಲ. ಇಲ್ಲಿ ಮೊದಲು ಲಾಡ್ಜ್‌ಪೋಲ್ ಪೈನ್ ಮರಗಳು ಒತ್ತಾಗಿ ಬೆಳೆದಿದ್ದವು. 1990ರ ದಶಕದ ಕೊನೆಯಿಂದ ಪೈನ್ ಬೀಟಲ್ ಅನ್ನುವ, ಅಕ್ಕಿ ಕಾಳಿನಷ್ಟು ದೊಡ್ಡ ಕಪ್ಪು ಹುಳ ಕೊಲೊರಾಡೋದಲ್ಲಿ ಲಕ್ಷಾಂತರ ಎಕರೆ ಪೈನ್ ಕಾಡನ್ನು ಒಣಗಿಸಿತು. ಮರಗಳೆಲ್ಲ ಹೆಚ್ಚುಕಡಿಮೆ ಒಂದೇ ವಯಸ್ಸಿನವು, ಬರದಲ್ಲಿ ಸೊರಗಿದ್ದವು. ಹುಳದ ಮರಿಗಳನ್ನು ಸಾಯಿಸುವಂಥ ಗಡದ್ದಾದ ಚಳಿಯೂ ಹಿಂದಿನಂತೆ ಬರಲಿಲ್ಲ. ಒಣಗಿದ ಮರ ಟೆಂಟ್ ಮೇಲೆ ಬೀಳಬಾರದು ಅಂತ ಈ ಕೆರೆ ಸುತ್ತಲಿನ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಬಹಳಷ್ಟು ಕಡಿದು ಹಾಕಿದರು. ಹಾಗಾಗಿ ಈಗ ನೆರಳು ಕಡಿಮೆ, ನೋಟ ಜಾಸ್ತಿ. ಮಧ್ಯೆ ಮಧ್ಯೆ ಹೊಸ ಪೈನ್ ಸಸಿಗಳು ಎದ್ದಿವೆ, ಆಳೆತ್ತರಕ್ಕೂ ಮೇಲೆ ಬಂದಿವೆ. ಅವು ದೊಡ್ಡವಾದ ಮೇಲೆ ಇಲ್ಲಿಂದ ಕೆರೆ ಎಷ್ಟು ಕಾಣುತ್ತದೋ ಏನೋ.

ಅಪ್ಪನಿಗೆ ಈ ಕಥೆ ಹೇಳುವ ಮೊದಲೇ ಅವರು ಸೌದೆ ಕಟ್ಟು ಬಿಚ್ಚಿ ಒಂದು ಸೀಳನ್ನು ತಿರುಗಿಸಿ ನೋಡುತ್ತಿದ್ದರು. ಮರದ ಹೊರಸುತ್ತಿನಲ್ಲಿ ನೀಲಿ-ಬೂದು ಬಣ್ಣದ ಗೆರೆಗಳು, ಇಂಕು ಚೆಲ್ಲಿ ಒರೆಸಿದ ಹಾಗೆ. "ಇದು ಹುಳ ಹಿಡಿದ ಮರ ಕೂಸೇ" ಅಂದರು. ಸರಿಯೇ. ಹುಳ ತನ್ನ ಜೊತೆ ಒಂದು ಶಿಲೀಂಧ್ರ ತರುತ್ತದೆ, ಅದು ಮರದೊಳಗೆ ಹಬ್ಬಿ ನೀರು ಏರುವ ದಾರಿ ಕಟ್ಟುತ್ತದೆ, ಈ ನೀಲಿ ಅದರ ಗುರುತು. ಅಡಿಕೆ ತೋಟದಲ್ಲಿ ಕೊಳೆ, ಎಲೆಚುಕ್ಕೆ ಅಂತ ಜೀವನ ಕಳೆದವರಿಗೆ ಇದನ್ನು ವಿವರಿಸಿ ಹೇಳುವ ಅಗತ್ಯ ಬೀಳಲಿಲ್ಲ. "ಔಷಧಿ ಹೊಡೆಯಲ್ವಾ?" ಅಂತ ಕೇಳಿದರು. ಮನೆ ಮುಂದಿನ ನಾಲ್ಕು ಮರಕ್ಕೆ ಹೊಡೆಯಬಹುದು, ಇಡೀ ಬೆಟ್ಟಕ್ಕೆ ಯಾರು ಹೊಡೆಯುತ್ತಾರೆ.

ಅಡುಗೆ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಇದನ್ನು ಯಾರೂ ಸರಿಯಾಗಿ ಹೇಳುವುದಿಲ್ಲ. ಆ ಎತ್ತರದಲ್ಲಿ ನೀರು ಸುಮಾರು 91 ಡಿಗ್ರಿಗೇ ಕುದಿಯುತ್ತದೆ. ಕುದಿಯುವುದು ಕಣ್ಣಿಗೆ ಕಾಣುತ್ತದೆ, ಬೇಯುವುದು ಮಾತ್ರ ನಡೆಯುವುದಿಲ್ಲ. ತೆರೆದ ಪಾತ್ರೆಯಲ್ಲಿ ಅನ್ನ ಇಟ್ಟರೆ ಹೊರಗೆ ಮೆತ್ತಗೆ, ಒಳಗೆ ಗಟ್ಟಿ. ತೊಗರಿಬೇಳೆಯಂತೂ ರಾತ್ರಿ ಇಡೀ ಕುದಿಸಿದರೂ ಕೈಗೆ ಸಿಗುವುದು ಬೇಳೆಯೇ. ಹಾಗಾಗಿ ಕುಕ್ಕರ್ ಬೇಕೇ ಬೇಕು. ಕುಕ್ಕರ್ ಒಳಗೂ ಊರಿನಷ್ಟು ಬಿಸಿ ಏರುವುದಿಲ್ಲ, ಹೊರಗಿನ ಗಾಳಿಯ ಒತ್ತಡವೇ ಕಡಿಮೆ ನೋಡಿ. ಊರಲ್ಲಿ ಮೂರು ವಿಷಲ್‌ಗೆ ಇಳಿಸುವ ಅಮ್ಮ ಇಲ್ಲಿ ಐದಾರಕ್ಕೆ ಇಳಿಸಿದರು. ಪಕ್ಕದ ಟೆಂಟಿನವರು ಮೊದಲ ವಿಷಲ್‌ಗೆ ಎದ್ದು ನಿಂತರು, ಆಮೇಲೆ ಕೈ ಬೀಸಿದರು. ಡಬ್ಬಿಯಲ್ಲಿ ಹಾಕದೆ ಪ್ಯಾಕೆಟ್‌ನಲ್ಲೇ ತಂದಿದ್ದ ಅವಲಕ್ಕಿ ಚೂಡಾ ಸುರಂಗ ದಾಟುವಷ್ಟರಲ್ಲಿ ಉಬ್ಬಿ ಸಿಡಿಯುವ ಹಾಗೆ ಆಗಿತ್ತು. ಬೆಳಿಗ್ಗೆ ತೆಂಗಿನೆಣ್ಣೆ ಬಾಟಲಿ ಮಗುಚಿದರೆ ಒಂದು ಹನಿ ಬೀಳಲಿಲ್ಲ. ಜುಲೈನಲ್ಲೂ ರಾತ್ರಿ ನಾಲ್ಕೈದು ಡಿಗ್ರಿಗೆ ಇಳಿಯುತ್ತದೆ.

ಬೆಂಕಿಯ ಉಸ್ತುವಾರಿ ಅಪ್ಪನದ್ದು. ಅಮ್ಮ ಊರಿಂದ ಹಲಸಿನ ಹಪ್ಪಳ ತಂದಿದ್ದರು. ಅಪ್ಪ ಬಳೆಯ ಮೇಲಿನ ಕಬ್ಬಿಣದ ಜಾಲರಿಯನ್ನು ಪಕ್ಕಕ್ಕೆ ಸರಿಸಿ, ಕೋಲಲ್ಲಿ ಒಂದಷ್ಟು ಕೆಂಡ ಅಂಚಿಗೆ ಎಳೆದುಕೊಂಡು, ಹೊಗೆ ಹೋಗುವವರೆಗೂ ಕಾದು, ಹಪ್ಪಳವನ್ನು ಬರಿಗೈಯಲ್ಲೇ ಇಟ್ಟು ತಿರುವಿ ಇಟ್ಟು ತಿರುವಿ ಸುಟ್ಟರು. ಅಂಚು ಮುದುರಿತು, ಮೇಲೆ ಸಣ್ಣ ಗುಳ್ಳೆಗಳು ಎದ್ದವು, ಒಂದು ಕಡೆ ಸ್ವಲ್ಪ ಕಪ್ಪಾಯಿತು. ನನ್ನ ಮಗ ಮಾರ್ಷ್‌ಮ್ಯಾಲೋ ಬಿಟ್ಟು ಅದನ್ನೇ ತಿಂದ. (ಒಣ ಬೇಸಿಗೆಯಲ್ಲಿ ಬೆಂಕಿ ಹಾಕುವುದಕ್ಕೇ ನಿಷೇಧ ಇರುತ್ತದೆ, ಹೊರಡುವ ಮೊದಲು ನೋಡಿಕೊಳ್ಳಿ.) ಊಟ ಆದ ಮೇಲೆ ಪಾತ್ರೆ, ಎಣ್ಣೆ, ಟೂತ್‌ಪೇಸ್ಟ್ ಸಮೇತ ವಾಸನೆ ಬರುವುದೆಲ್ಲ ಕಾರೊಳಗೆ ಹಾಕಿ ಲಾಕ್ ಮಾಡಬೇಕು. ಕರಿ ಕರಡಿಗಳಿವೆ. "ಹಲಸಿನ ಹಪ್ಪಳ ಗೊತ್ತಿರದ ಕರಡಿ, ಬಿಡು" ಅಂದರು ಅಪ್ಪ. ಆದರೂ ತಾವೇ ಎರಡು ಸಲ ಹೋಗಿ ಕಾರಿನ ಬಾಗಿಲು ಎಳೆದು ನೋಡಿ ಬಂದರು.

ಮರುದಿನ ಬೆಳಿಗ್ಗೆ ಕಾಫಿ ಹಿಡಿದುಕೊಂಡು ಕೆರೆ ನೋಡುತ್ತಾ ಕೂತಿದ್ದಾಗ ಅಪ್ಪ ಕೇಳಿದ ಮೊದಲ ಪ್ರಶ್ನೆ: "ಇದರ ಗರಿಷ್ಠ ಮಟ್ಟ ಎಷ್ಟು?"

ಶರಾವತಿ ಕಡೆಯವರಿಗೆ ಇದು ಅರ್ಥವಾಗುತ್ತದೆ. ಮಳೆಗಾಲದಲ್ಲಿ ಪೇಪರ್ ತೆಗೆದರೆ ಮೊದಲು ನೋಡುವುದು ಲಿಂಗನಮಕ್ಕಿ ಮಟ್ಟ. ಗರಿಷ್ಠ 1819 ಅಡಿ, ಇವತ್ತು ಇಷ್ಟು, ಕಳೆದ ವರ್ಷ ಇದೇ ದಿನ ಇಷ್ಟು. ನಾನು 9,017 ಅಡಿ ಅಂದೆ. ಅಪ್ಪ ಲೋಟ ಕೆಳಗಿಟ್ಟರು. ಇಬ್ಬರದ್ದೂ ಲೆಕ್ಕ ಸಮುದ್ರ ಮಟ್ಟದಿಂದಲೇ. ಆಮೇಲೆ, "ನೀರು ಎಷ್ಟು ಹಿಡಿತದೆ?" ಅಂತ ಕೇಳಿದರು. ಇಲ್ಲಿಯವರು ಎಕರೆ-ಅಡಿ (ಒಂದು ಎಕರೆ ಮೇಲೆ ಒಂದು ಅಡಿ ನಿಲ್ಲುವಷ್ಟು ನೀರು) ಲೆಕ್ಕದಲ್ಲಿ ಹೇಳುತ್ತಾರೆ, ಸುಮಾರು 2,57,000. ಫೋನಲ್ಲಿ ಗುಣಿಸಿ ಟಿಎಂಸಿಗೆ ತಂದರೆ 11 ಚಿಲ್ಲರೆ. ಲಿಂಗನಮಕ್ಕಿ 151. ಅಪ್ಪ ನಕ್ಕು, "ಇಷ್ಟೇನಾ" ಅಂದರು, ಆಗ ಅವರ ಮುಖದಲ್ಲಿ ಬಂದ ಸಮಾಧಾನ ಪೈಕ್ಸ್ ಪೀಕ್ ತುದಿಯಲ್ಲೂ ಬಂದಿರಲಿಲ್ಲ.

ಆದರೆ ಈ 11 ಟಿಎಂಸಿಯ ಕಥೆ ಚಿಕ್ಕದಲ್ಲ. ಡಿಲ್ಲನ್ ಜಲಾಶಯ ಡೆನ್ವರ್ ನಗರದ ಕುಡಿಯುವ ನೀರಿನ ಸಂಸ್ಥೆ ಕಟ್ಟಿಸಿದ್ದು, ಅಣೆಕಟ್ಟು ಮುಗಿದದ್ದು 1963ರಲ್ಲಿ. ಲಿಂಗನಮಕ್ಕಿ 1964. ಬ್ಲೂ ರಿವರ್, ಸ್ನೇಕ್ ರಿವರ್, ಟೆನ್‌ಮೈಲ್ ಕ್ರೀಕ್ ಮೂರೂ ಸೇರುವ ಜಾಗದಲ್ಲಿ ಹಳೆ ಡಿಲ್ಲನ್ ಊರಿತ್ತು, ಅದು ಈಗ ನೀರಿನಡಿ ಇದೆ. 1930ರ ದಶಕದ ಮುಗ್ಗಟ್ಟಿನಲ್ಲಿ ತೆರಿಗೆ ಕಟ್ಟಲಾಗದೆ ಜನ ಕಳೆದುಕೊಂಡ ಜಮೀನನ್ನು ಡೆನ್ವರ್‌ನವರು ಸದ್ದಿಲ್ಲದೆ ಕೊಳ್ಳುತ್ತಾ ಬಂದರು. 1961ರ ಹೊತ್ತಿಗೆ ಊರು ಖಾಲಿ ಮಾಡಿಸಿದರು. ಕೆಲವು ಮನೆ, ಕಟ್ಟಡಗಳನ್ನು ಇಡಿಯಾಗಿ ಲಾರಿ ಮೇಲೆ ಹೇರಿ ಹೊಸ ಡಿಲ್ಲನ್‌ಗೋ ಅಕ್ಕಪಕ್ಕದ ಊರಿಗೋ ಸಾಗಿಸಿದರು. ಸ್ಮಶಾನವನ್ನೂ ಎತ್ತಿ ಬೇರೆ ಕಡೆ ಇಟ್ಟರು.

ಇದನ್ನು ಹೇಳುವಾಗ ಅಪ್ಪ ನಡುವೆ ಮಾತಾಡಲಿಲ್ಲ. ಅವರ ಸೋದರಮಾವನ ಮನೆ, ತೋಟ ಲಿಂಗನಮಕ್ಕಿ ಹಿನ್ನೀರಿನಲ್ಲಿ ಹೋದದ್ದು. ಅಂಥ ಮುಳುಗಡೆ ಕುಟುಂಬಗಳು ಹಕ್ಕುಪತ್ರಕ್ಕೆ ಇವತ್ತಿಗೂ ಅಲೆಯುತ್ತಿವೆ. ಹಿನ್ನೀರಿನ ಆಚೆ ಬದಿಯ ತುಮರಿ ಕಡೆಯವರು ಅರವತ್ತು ವರ್ಷ ಲಾಂಚ್ ಕಾದರು, ಸಿಗಂದೂರು ಸೇತುವೆ ಆದದ್ದು 2025ರಲ್ಲಿ. ಕೊನೆಗೆ ಅಪ್ಪ ಕೇಳಿದ್ದು ಒಂದೇ: "ಸ್ಮಶಾನವನ್ನೂ ತೆಗೆದುಕೊಂಡು ಹೋದರಾ?" ಹೌದು ಅಂದೆ. "ನಮ್ಮಲ್ಲಿ ಬದುಕಿದ್ದವರಿಗೇ ಲಾರಿ ಬರಲಿಲ್ಲ."

ಈ ಕೆರೆಗೆ ನೀರು ಬರುವುದು ಮುಖ್ಯವಾಗಿ ಹಿಮ ಕರಗಿ. ಮೇ, ಜೂನ್‌ನಲ್ಲಿ ತುಂಬುತ್ತದೆ, ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತದೆ. ಮಳೆಯೂ ಬರುತ್ತದೆ, ಜುಲೈನಲ್ಲಿ ಮಧ್ಯಾಹ್ನ ಎರಡಕ್ಕೆ ಬೆಟ್ಟದ ಹಿಂದಿನಿಂದ ಮೋಡ ಎದ್ದು, ಗುಡುಗು, ಆಲಿಕಲ್ಲು, ಸ್ವಲ್ಪ ಹೊತ್ತಿಗೆ ಮತ್ತೆ ಬಿಸಿಲು. ನಾವು ಕಾರಲ್ಲಿ ಕೂತು ಕಳೆದೆವು, ಸಿಡಿಲಿನ ವಿಷಯದಲ್ಲಿ ಟೆಂಟ್ ನಂಬಬೇಡಿ. ಅಪ್ಪ ಕಿಟಕಿಯಿಂದ ನೋಡಿ, "ಇದನ್ನ ಮಳೆ ಅಂತಾರಾ" ಅಂದರು. ಮಲೆನಾಡಿನವರ ಹತ್ತಿರ ಮಳೆ ಹೊಗಳಬಾರದು.

ಇನ್ನೊಂದು ವಿಷಯ, ಕೆರೆಯಲ್ಲಿ ಈಜುವ ಹಾಗಿಲ್ಲ. ಹಾಯಿದೋಣಿ ಬಿಡಬಹುದು, ಮೀನು ಹಿಡಿಯಬಹುದು, ನೀರಿಗಿಳಿದು ಈಜಬಾರದು, ಕುಡಿಯುವ ನೀರು. ನೀರಂತೂ ಕೊರೆಯುತ್ತದೆ, ಬಿಟ್ಟರೂ ನಾನು ಇಳಿಯುತ್ತಿರಲಿಲ್ಲ. ಡೆನ್ವರ್‌ನವರ ಒಟ್ಟು ಸಂಗ್ರಹದಲ್ಲಿ ಶೇ 40ರಷ್ಟು ಇದೊಂದೇ ಕೆರೆಯದ್ದು. ಅಂದರೆ ನಮ್ಮ ಮನೆ ನಲ್ಲಿಯಲ್ಲಿ ಬರುವುದೂ ಇದೇ. ಅಮ್ಮ ದಿನಾ ಕಾಫಿಗೆ ಹಿಡಿಯುವ ನೀರು. ಕೆರೆಯಿರುವುದು ಬೆಟ್ಟಸಾಲಿನ ಪಶ್ಚಿಮಕ್ಕೆ, ಡೆನ್ವರ್ ಪೂರ್ವಕ್ಕೆ. ಮಧ್ಯೆ ಖಂಡದ ನೀರನ್ನೇ ಎರಡು ಪಾಲು ಮಾಡುವ ದಿಣ್ಣೆ. ಅದರ ಕೆಳಗೆ 23.3 ಮೈಲಿ, ಅಂದರೆ 37 ಕಿ.ಮೀ.ಗೂ ಉದ್ದದ ರಾಬರ್ಟ್ಸ್ ಸುರಂಗ ಕೊರೆದು, ಆಚೆ ಬದಿಯ ಹೊಳೆಗೆ ಬಿಟ್ಟು, ಊರಿಗೆ ತರುತ್ತಾರೆ.

ಇಷ್ಟು ಕೇಳಿದ ಮೇಲೆ ಅಪ್ಪ ಸುಮ್ನೆ ಇರುವವರಲ್ಲ. ಶರಾವತಿ ನೀರನ್ನು ಬೆಂಗಳೂರಿಗೆ ಒಯ್ಯುವ ಯೋಜನೆ ವಿರುದ್ಧ 2019ರ ಜುಲೈನಲ್ಲಿ ಶಿವಮೊಗ್ಗ ಜಿಲ್ಲೆ ಬಂದ್ ಆದಾಗ ಅವರೂ ಸಾಗರದಲ್ಲಿ ಮೆರವಣಿಗೆಯಲ್ಲಿದ್ದರು. ಪಶ್ಚಿಮಕ್ಕೆ ಹರಿಯುವ ಹೊಳೆ, ಪೂರ್ವದಲ್ಲಿ ಬಾಯಾರಿದ ಊರು, ನಡುವೆ ಘಟ್ಟ. ನಾನು ಬೆಂಗಳೂರಲ್ಲಿ ಕೆಲಸ ಮಾಡುವಾಗ ಈ ಜಗಳ ಫೋನಲ್ಲಿ ಆಡಿದ್ದೇವೆ. ಆಗ ನಾನು ಟ್ಯಾಂಕರ್ ನೀರಿನ ಅಪಾರ್ಟ್‌ಮೆಂಟ್ ಪರ, ಅವರು ಹೊಳೆ ಪರ. ಈಗಲೂ ನಾನು ನಲ್ಲಿ ಕಡೆಯವಳೇ. ಅವರು ಅದನ್ನು ಎತ್ತಿ ಆಡಲಿಲ್ಲ, ವಾಪಸ್ ಹೋಗುವಾಗ ಐ-70 ಬೇಡ, ಆ ಸುರಂಗದ ನೀರು ಬಂದು ಸೇರುವ ಹೊಳೆ ನೋಡಿಕೊಂಡು ಹೋಗೋಣ ಅಂದರು ಅಷ್ಟೆ.

ಹೋಗುವವರಿಗೆ ಒಂದೆರಡು ಮಾತು. ಕ್ಯಾಂಪ್‌ಗ್ರೌಂಡ್ ಬುಕಿಂಗ್ ಆರು ತಿಂಗಳು ಮೊದಲೇ ತೆರೆಯುತ್ತದೆ, ಕೆರೆ ಕಾಣುವ ಜಾಗಗಳು ಮೊದಲು ಹೋಗುತ್ತವೆ. ಊರಿಂದ ಬಂದಿಳಿದವರನ್ನು ಅದೇ ವಾರ ಕರೆದುಕೊಂಡು ಹೋಗಬೇಡಿ. ಡೆನ್ವರ್‌ನ 5,280 ಅಡಿಗೆ ಮೊದಲು ಮೈ ಒಗ್ಗಲಿ. ಬಿಪಿ, ಹೃದಯದ ತೊಂದರೆ ಇರುವವರು ಡಾಕ್ಟರ್ ಕೇಳಿಯೇ ಹೋಗಿ. ನಮ್ಮವರಿಗೆ ಬಂದು ವಾರಗಳಾಗಿದ್ದರೂ ಮೊದಲ ರಾತ್ರಿ ಅಪ್ಪನಿಗೆ ಸಣ್ಣ ತಲೆನೋವು, ಅಮ್ಮನಿಗೆ ಗಳಿಗೆಗೊಮ್ಮೆ ಎಚ್ಚರ, ಕಕ್ಕಸಿನಿಂದ ಟೆಂಟಿಗೆ ಬರುವ ಸಣ್ಣ ಏರಿಗೇ ಇಬ್ಬರಿಗೂ ಏದುಸಿರು. ನೀರು ಜಾಸ್ತಿ ಕುಡಿಸಿ. ಸ್ಲೀಪಿಂಗ್ ಬ್ಯಾಗ್ ತೆಗೆದುಕೊಳ್ಳುವಾಗ ಮೇಲೆ ದಪ್ಪಗೆ ಬರೆದ ನಂಬರ್ ನೋಡಬೇಡಿ, ಒಳಗಿನ ಚೀಟಿಯಲ್ಲಿರುವ ಕಂಫರ್ಟ್ ನಂಬರ್, ಅಂದರೆ ಎಷ್ಟು ಡಿಗ್ರಿ ಚಳಿಯವರೆಗೆ ಆರಾಮವಾಗಿ ಮಲಗಬಹುದು ಅನ್ನುವುದನ್ನು ನೋಡಿ. ಕುಕ್ಕರ್, ಗಾಸ್ಕೆಟ್ ಸಮೇತ.

ವಾಪಸ್ ಬಂದದ್ದು ಬ್ರೆಕೆನ್‌ರಿಡ್ಜ್ ಮೇಲೆ, 11,500 ಅಡಿಯ ಹೂಸಿಯರ್ ಪಾಸ್ ಹತ್ತಿ ಇಳಿದು, 285 ಹೆದ್ದಾರಿ ಹಿಡಿದು. ಸುತ್ತು ದಾರಿ. ಗ್ರಾಂಟ್ ಅನ್ನುವ ಸಣ್ಣ ಊರಿನ ಹತ್ತಿರ ಸೌತ್ ಪ್ಲಾಟ್‌ನ ಉತ್ತರ ಕವಲು ರಸ್ತೆ ಪಕ್ಕದಲ್ಲೇ ಹರಿಯುತ್ತದೆ, ಸುರಂಗದ ನೀರು ಬೀಳುವುದು ಅದಕ್ಕೇ. ಸುರಂಗದ ಬಾಯಿಗೆ ನಾವು ಹೋಗಲಿಲ್ಲ. ಕಾರು ನಿಲ್ಲಿಸಿ ಹೊಳೆ ನೋಡಿದೆವು. ಅಪ್ಪ ಎರಡು ಕೈ ಹಿಂದೆ ಕಟ್ಟಿಕೊಂಡು ಬಹಳ ಹೊತ್ತು ನಿಂತಿದ್ದರು.

"ಬೆಂಗಳೂರಿನವರು ಇಲ್ಲಿಗೆ ಬಂದು ನೋಡಿಕೊಂಡೇ ಹೋಗಿರ್ತಾರೆ, ನೋಡು" ಅಂದರು ಕಾರು ಹತ್ತುತ್ತಾ.