ಮುಂಜಾನೆ ಸಿಟ್ಟಿಗೆ ಬರುವ ಅಕ್ಕೋರು

ಮಣ್ಣೆತ್ತಿನ ಅಮಾವಾಸ್ಯೆಗೆ ಇನ್ನೂ ಕೆಲವು ದಿನ ಇತ್ತು. ಪೂಜೆಗೆ ಮಣ್ಣಿನ ಎತ್ತು ತರೋಣ ಅಂತ ಸೂಪರ್ ಮಾರ್ಕೆಟ್ ಬಜಾರದ ಕಡೆ ಹೋಗಿದ್ದೆವು. ನಾನು, ಆರು ವರ್ಷದ ಮಗಳು, ನಾಲ್ಕು ವರ್ಷದ ಮಗ. ಹೊತ್ತು ಬೆಳಗಿನ ಹನ್ನೊಂದು. ಅದೇ ನಾನು ಮಾಡಿದ ತಪ್ಪು. ವಾರದ ನಡುವೆ ಹನ್ನೊಂದು ಗಂಟೆಗೆ ಆರು ವರ್ಷದ ಹುಡುಗಿ ಬಜಾರದಲ್ಲಿ ಕಂಡರೆ ಕಲಬುರಗಿಯಲ್ಲಿ ಯಾರೂ ಸುಮ್ನೆ ಬಿಡೋದಿಲ್ಲ.

ಗೋಣಿಚೀಲ ಹಾಸಿ, ಎತ್ತುಗಳನ್ನ ಸಾಲಾಗಿ ನಿಲ್ಲಿಸಿಕೊಂಡು ಒಬ್ಬ ಅಜ್ಜಿ ಕೂತಿದ್ದರು. ಮಗಳು ಜೋಡಿ ಆರಿಸುತ್ತಿದ್ದಳು. ಅಜ್ಜಿ ಕೇಳಿದರು.

"ಇವತ್ತ ಸಾಲಿ ಇಲ್ಲೇನ್ ಯವ್ವ?"

ಈ ಪ್ರಶ್ನೆಗೆ ನನ್ನ ಹತ್ತಿರ ಮೂರು ನಮೂನೆ ಉತ್ತರ ಇದೆ. ಬೀಗರಿಗೊಂದು, ಓಣಿಯವರಿಗೊಂದು, ಆಟೋದವರಿಗೊಂದು. ಯಾವುದನ್ನ ತೆಗೀಲಿ ಅಂತ ನಾನು ನೋಡುವಷ್ಟರಲ್ಲಿ ಮಗಳೇ ಹೇಳಿಬಿಟ್ಟಳು.

"ಹಬ್ಬಕ್ಕ ಸೂಟಿ ಕೊಟ್ಟಾರ ಆಯಿ."

"ಯಾವ ಸಾಲಿ?"

ಹೆಸರು ಹೇಳಿದಳು. ದಿನಾ ಎಂಟಕ್ಕೆ ನಮ್ಮ ಓಣಿಗೆ ಹಾರ್ನ್ ಹೊಡೀತಾ ಬರುವ ಹಳದಿ ವ್ಯಾನಿನ ಶಾಲೆ ಅದು.

"ಎಷ್ಟನೇತ್ತಾ?"

"ಒಂದನೇತ್ತಾ."

"ನಿಮ್ಮ ಅಕ್ಕೋರು ಛಲೋ ಇದ್ದಾರೇನು?"

ಇಲ್ಲಿ ಮಾತ್ರ ಸ್ವಲ್ಪ ತಡೆದಳು. ಕೈಯಲ್ಲಿದ್ದ ಎತ್ತಿನ ಕೊಂಬು ಸವರಿದಳು.

"ಛಲೋ ಇದ್ದಾರ. ಖರೆ ಮುಂಜಾನಿ ಮುಂಜಾನಿ ಸಿಟ್ಟಿಗಿ ಬರ್ತಾರ."

ಅಜ್ಜಿ ಬಾಯಿತುಂಬ ನಕ್ಕರು. "ಬರ್ಲಿ ಬಿಡು. ಸಿಟ್ಟು ಮಾಡದಿದ್ರ ನೀವೆಲ್ಲಿ ಕಲೀತೀರಿ" ಅಂತ ಎತ್ತನ್ನ ಪೇಪರಿನಲ್ಲಿ ಸುತ್ತಿದರು. ಆ ಸಿಟ್ಟಿನ ಅಕ್ಕೋರು, ಅಂದರೆ ಟೀಚರ್, ಪರ್ಸ್ ಹಿಡಕೊಂಡು ಪಕ್ಕದಲ್ಲೇ ನಿಂತಿದ್ದರು. ನಾನೇ.

ಜೋಡಿಗೆ ಮೂವತ್ತು. ಎರಡು ಜೋಡಿ ತಗೊಂಡು ನೂರರ ನೋಟು ಕೊಟ್ಟೆ. ಅಜ್ಜಿ ಸೆರಗಿನ ಗಂಟು ಬಿಚ್ಚುವ ಮೊದಲೇ ಮಗಳು "ನಲವತ್ತು ವಾಪಸ್ ಬರ್ತದ" ಅಂದಳು. ಬೇರೆ ದಿನ ಆಗಿದ್ದರೆ ಆಟೋದಲ್ಲಿ ಕೂತೇ ಗಂಡನಿಗೆ ಫೋನ್ ಮಾಡಿ ಹೇಳಿರುತ್ತಿದ್ದೆ. ಅವತ್ತು ತಲೆಯಲ್ಲಿ ಇದ್ದದ್ದು ಒಂದೇ. ಶಾಲೆಗೇ ಹೋಗದೆ ಮನೆಯಲ್ಲೇ ಓದುವ ಇವಳು ಇಷ್ಟು ಸಲೀಸಾಗಿ ಸುಳ್ಳು ಹೇಳೋದು ಯಾವಾಗ ಕಲಿತಳು?

ಅಸಲಿಗೆ ಎತ್ತು ಕೊಳ್ಳುವ ವಿಚಾರವೇ ಇರಲಿಲ್ಲ. ಮನೆಯಲ್ಲೇ ಮಾಡೋಣ ಅಂತ ಊರಿಂದ ಒಂದು ಬುಟ್ಟಿ ಎರೆ ಮಣ್ಣು ತರಿಸಿದ್ದೆ. ಹಬ್ಬವೂ ಆಯಿತು, ಪಾಠವೂ ಆಯಿತು ಅಂತ ನನ್ನ ಲೆಕ್ಕ. ಮಕ್ಕಳಿಬ್ಬರೂ ಮಧ್ಯಾಹ್ನವೆಲ್ಲ ಕೂತು ಎತ್ತು ಮಾಡಿದರು, ಮೇವು ಹಾಕುವ ಗೋದಲಿ ಮಾಡಿದರು, ಕಣ್ಣಿಗೆ ಜೋಳದ ಕಾಳು ಒತ್ತಿದರು. ಮರುದಿನ ನೋಡಿದರೆ ಒಂದೆತ್ತಿಗೂ ಕಾಲಿಲ್ಲ. ಎರೆ ಮಣ್ಣಿನ ಗುಣವೇ ಹಾಗೆ ಅಲ್ವಾ, ನೀರು ಕುಡಿದರೆ ಉಬ್ಬುತ್ತೆ, ಒಣಗಿದರೆ ಕುಗ್ಗಿ ಬಾಯಿ ಬಿಡುತ್ತೆ. ಬೇಸಿಗೆಯಲ್ಲಿ ಹೊಲ ಬಿರಿಯೋದೂ ಇದಕ್ಕೇ. ಅದನ್ನೇ ಮಕ್ಕಳಿಗೆ ದೊಡ್ಡದಾಗಿ ವಿವರಿಸಿದೆ. ಮಗ ಅಷ್ಟೂ ಕೇಳಿ "ನನ್ನ ಎತ್ತ ಸತ್ತೋಯ್ತು" ಅಂತ ಅತ್ತ. ನನ್ನ ವಿಜ್ಞಾನ ಪಾಠ ಅಲ್ಲಿಗೆ ಮುಗಿಯಿತು, ಬಜಾರಕ್ಕೆ ಹೊರಟೆವು.

ಮಕ್ಕಳನ್ನ ಯಾಕೆ ಮನೆಯಲ್ಲಿ ಓದಿಸ್ತೀರಿ ಅನ್ನೋದಕ್ಕೆ ಇಲ್ಲಿ ಉತ್ತರ ಬರೆಯೋದಿಲ್ಲ. ಕೇಳುವವರು ಉತ್ತರಕ್ಕಾಗಿ ಕೇಳೋದಿಲ್ಲ, ನಾನು ಹೇಳಿ ಹೇಳಿ ಸಾಕಾಗಿದ್ದೇನೆ. ಹೋದ ವರ್ಷದವರೆಗೆ ಒಂದು ಸುಲಭದ ಉತ್ತರ ಇತ್ತು: "ಇನ್ನೂ ವಯಸ್ಸಾಗಿಲ್ಲ." ಒಂದನೇ ತರಗತಿಗೆ ಜೂನ್ 1ಕ್ಕೆ 6 ತುಂಬಿರಬೇಕು ಅಂತ ನಿಯಮ ಮಾಡಿದ್ದರು, 2025-26ಕ್ಕೆ ಮಾತ್ರ 5 ವರ್ಷ 5 ತಿಂಗಳಿದ್ದರೂ ಸಾಕು ಅಂದರು. ಇವಳಿಗೆ ಆಗ ಅದೂ ಆಗಿರಲಿಲ್ಲ. ಈ ಮೇ ತಿಂಗಳಲ್ಲಿ ಆರು ತುಂಬಿತು, ನನ್ನ ಉತ್ತರ ಹೋಯಿತು.

ಹಾಗಾಗಿ ಈ ಸಲ ಜೂನ್ 1ಕ್ಕೆ ಹೊಸ ನೋಟ್‌ಬುಕ್ ತಂದೆ. ಯಾರಾದರೂ ಕೇಳಿದರೆ ತೋರಿಸೋಕೆ ಏನಾದರೂ ಇರಲಿ ಅಂತ. ಇಂಥ ದಿನ ಇಷ್ಟು ಅಕ್ಷರ, ಇಷ್ಟು ಲೆಕ್ಕ, ಮಗ ಇಷ್ಟರವರೆಗೆ ಎಣಿಸಿದ. ಯಾರೂ ಕೇಳಿಲ್ಲ ಇನ್ನೂ. ನಾನೇ ರಾತ್ರಿ ತೆಗೆದು ನೋಡ್ತೀನಿ.

ಅಕ್ಷರ ಶುರು ಮಾಡಿದ್ದು 'ರ ಗ ಸ ದ ಅ' ಇಂದ. ಆಡುತ್ತಾ ಕಲಿಸುವ 'ನಲಿಕಲಿ' ಪದ್ಧತಿಯ ಕ್ರಮ ಅದು. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಶುರುವಾಗಿ ಆಮೇಲೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಬಂತಲ್ಲ, ಅದೇ. ಹೇಳಿಕೊಟ್ಟವಳು ನಾದಿನಿ, ಸೇಡಂ ಕಡೆಯ ಹಳ್ಳಿಯಲ್ಲಿ ಸರ್ಕಾರಿ ಶಾಲೆ ಟೀಚರ್. ಮಾವನವರಿಗೆ ಇದು ಚೂರೂ ಸರಿಬರಲಿಲ್ಲ. "ಅ ಆ ಇ ಈ ಬಿಟ್ಟು ರ ದಿಂದ ಯಾರ್ ಶುರು ಮಾಡ್ತಾರ? ಮನಿ ಕಟ್ಟೋವಾಗ ಮಾಳಗಿ ಮೊದಲ ಕಟ್ಟತೀರೇನು?" ಅಂತ ಎರಡು ದಿನ ಮುಖ ಊದಿಸಿಕೊಂಡು ಓಡಾಡಿದರು. ಮೂರನೇ ದಿನ ಮೊಮ್ಮಗಳು ಐದೇ ಅಕ್ಷರದಲ್ಲಿ ಸರ, ರಸ, ದರ, ಅರಸ, ಅಗಸ ಎಲ್ಲ ಓದಿದಾಗ ಸುಮ್ಮನಾದರು. ಒಪ್ಪಿದರು ಅಂತಲ್ಲ. ಸುಮ್ಮನಾದರು.

ಅದರಲ್ಲೇ 'ಗರಗಸ' ಬಂತು. "ಹಂಗಂದ್ರೇನು?" ಅಂದಳು. ಚಿತ್ರ ತೋರಿಸೋ ಬದಲು ತಿರುವಿನ ಬಡಗಿ ಅಂಗಡಿಗೆ ಕರಕೊಂಡು ಹೋದೆ. ಅಲ್ಲಿನ ಚಾಚಾ ಮರದ ಹೊಟ್ಟು ಕೊಡವಿ ಗರಗಸ ಅವಳ ಕೈಗೆ ಕೊಟ್ಟು, "ಇದಕ್ಕ ನಾವು ಆರೀ ಅಂತೀವಿ ಬೇಟಾ" ಅಂದರು. ಮನೆಗೆ ಬಂದವಳೇ ಸ್ಲೇಟು ತಗೊಂಡು ಬರೆದಳು: ಅರ. ಆ ಇನ್ನೂ ಕಲಿತಿಲ್ಲ, ದೀರ್ಘ ಗೊತ್ತಿಲ್ಲ. ತನ್ನ ಹತ್ತಿರ ಇರೋ ಐದು ಅಕ್ಷರದಲ್ಲಿ ಹತ್ತಿರದ್ದನ್ನ ಹುಡುಕಿ ಬರೆದಿದ್ದಾಳೆ. ತಿದ್ದಲಿಲ್ಲ. ನೋಟ್‌ಬುಕ್ಕಿನಲ್ಲಿ ಬರೆದು ಕೆಳಗೆ ಗೆರೆ ಎಳೆದೆ. ಒಳ್ಳೆಯ ದಿನ ಅದು.

ಇನ್ನು ಸಿಟ್ಟಿನ ವಿಷಯ.

ಎಂಟು ಗಂಟೆಗೆ ಚಾಪೆ ಹಾಸ್ತೀವಿ. ಅದೇ ಹೊತ್ತಿಗೆ ಕುಕ್ಕರ್ ಕೂಗುತ್ತೆ, ನೀರು ಬರುತ್ತೆ, ಗಂಡ ಸಾಕ್ಸ್ ಹುಡುಕ್ತಾರೆ. ಮಗನಿಗೆ ಒಂದು ಬಟ್ಟಲು ತೊಗರಿ ಬೇಳೆ, ಒಂದು ಬಾಟಲಿ ಕೊಟ್ಟಿರ್ತೀನಿ, ಬೆರಳಿನ ಹಿಡಿತಕ್ಕೆ ಒಳ್ಳೇದು ಅಂತ. 2019ರಲ್ಲಿ ಈ ಊರಿನದೇ ಬೆಳೆ ಅನ್ನೋ ಗುರುತಿನ ಜಿಐ ಟ್ಯಾಗ್ ಸಿಕ್ಕ ನಮ್ಮ ಕಲಬುರಗಿ ತೊಗರಿ ಸದ್ಯಕ್ಕೆ ಅರ್ಧ ಕಿಲೋ ಆದರೂ ಮಂಚದ ಕೆಳಗಿದೆ. ಬಜಾರಕ್ಕೆ ಹೋದದ್ದಕ್ಕೆ ಎರಡು ದಿನ ಮೊದಲು ಮಗಳು ಒಂದು ಪುಟ ತುಂಬ ರ ಬರೆದು ತಂದಳು. ಒಂದಕ್ಕೂ ತಲಕಟ್ಟಿಲ್ಲ. ತಲಕಟ್ಟಿಲ್ಲದ ರ ಅಂದರೆ ಸೊನ್ನೆ. ಪುಟ ತುಂಬ ಸೊನ್ನೆ.

"ಇದು ರ ಅಲ್ಲ, ಸೊನ್ನೆ. ಎಷ್ಟು ಸಲ ಹೇಳ್ಬೇಕು?" ಅಂದೆ. ಮಾತು ಇಷ್ಟೇ, ದನಿ ಇಷ್ಟೇ ಇರಲಿಲ್ಲ.

"ಟೊಪಗಿ ತೆಗೆದಿಟ್ಟಾವ ಅಮ್ಮ. ಶಕಿ ಆಗಲತದ ಅವಕ್ಕ."

ಈಗ ಬರೆಯುವಾಗ ನಗು ಬರುತ್ತಿದೆ. ಮಳೆಗಾಲ ಬಂದರೂ ಬೆವರುವ ಊರಲ್ಲಿ ಅಕ್ಷರಗಳೂ ಟೋಪಿ ತೆಗೆದಿಟ್ಟಿವೆ. ಆದರೆ ಆಗ ನಾನು ನಗಲಿಲ್ಲ. ಪುಟ ಹರಿದು, "ಮತ್ತ ಬರಿ" ಅಂದೆ. ಬರೆದಳು. ಎಲ್ಲಕ್ಕೂ ಟೋಪಿ ಇತ್ತು. ನೋಟ್‌ಬುಕ್ಕಿನಲ್ಲಿ ನಾನು ಹಾಕಿದ್ದು "ರ ಪೂರ್ತಿ ಬಂತು" ಅಂತ. ಹರಿದ ಪುಟದ ಮಾತು ಅದರಲ್ಲಿಲ್ಲ.

ಹಾಗಾಗಿ ಆ ಗೋಣಿಚೀಲದ ಮುಂದೆ ಅವಳು ಹೇಳಿದ ಸುಳ್ಳಿನಲ್ಲಿ ಶಾಲೆ ಸುಳ್ಳು, ಸೂಟಿ ಸುಳ್ಳು, ಅಕ್ಕೋರು ಮಾತ್ರ ಖರೆ. "ಛಲೋ ಇದ್ದಾರ. ಖರೆ ಮುಂಜಾನಿ ಮುಂಜಾನಿ ಸಿಟ್ಟಿಗಿ ಬರ್ತಾರ." ರೊಟ್ಟಿ ಬಡಿಯುವಾಗ ಕೇಳಿಸುತ್ತೆ, ಪಾತ್ರೆ ತೊಳೆಯುವಾಗ ಕೇಳಿಸುತ್ತೆ. ಆ ಮಾತಿಗೆ ಮೊದಲು ಅವಳು ತಡೆದಳಲ್ಲ, ಕೊಂಬು ಸವರಿದಳಲ್ಲ, ಅದು ಜಾಸ್ತಿ ಕಾಡುತ್ತೆ. ನ್ಯಾಯವಾಗಿ ಹೇಳಬೇಕು ಅಂತ ತೂಗಿ ನೋಡಿ ಹೇಳಿದ ಮಾತು ಅದು. 'ಛಲೋ' ಮೊದಲು ಇಟ್ಟಿದ್ದಾಳೆ.

ಗಂಡನಿಗೆ ಹೇಳಿದರೆ ಬಿದ್ದು ಬಿದ್ದು ನಕ್ಕರು. ಅವರಿಗೇನು, ಸಾಕ್ಸ್ ಸಿಕ್ಕರೆ ಸಾಕು. ತಂಗಿಗೆ ಫೋನ್ ಮಾಡಿದೆ. "ಅಕಿಗಿ ಸಾಲಿಗಿ ಹೋಗೋ ಆಸೆ ಅದ ಅಕ್ಕ, ನಿನಗ ತಿಳೀವಲ್ದು" ಅಂದಳು. ತಂಗಿಗೆ ಎಲ್ಲಕ್ಕೂ ಒಂದು ನಿಮಿಷದಲ್ಲಿ ಉತ್ತರ ಸಿಗುತ್ತೆ, ಮಕ್ಕಳಿಲ್ಲ ಇನ್ನೂ.

ನಾದಿನಿಗೆ ಮಾತ್ರ ಹೇಳಲಿಲ್ಲ. ಅದಕ್ಕೊಂದು ಹಳೇ ಕಾರಣ ಇದೆ. ಹೋದ ವರ್ಷ ಅವಳು ಸಹಜವಾಗಿ, "ಅತ್ತಿಗಿ, ಆರರಿಂದ ಹದಿನಾಲ್ಕರವರೆಗೆ ಕಡ್ಡಾಯ ಶಿಕ್ಷಣದ ಕಾನೂನು ಅದ. ನಾನೇ ಗಣತಿಗಿ ಮನಿ ಮನಿ ತಿರುಗ್ತೀನಿ, ನಿಮ್ಮ ಓಣಿಯಾಗ ನಾನು ಬಂದ್ರ ನಿಮ್ಮ ಮಗಳ್ನ ಸಾಲಿ ಹೊರಗಿನ ಮಗು ಅಂತ ಬರೀಬೇಕಾಗ್ತದ" ಅಂದಿದ್ದಳು. ನಾನು ಎನ್‌ಐಓಎಸ್ ಅನ್ನೋ ಮುಕ್ತ ಶಾಲೆ ಇದೆ, 14 ತುಂಬಿದರೆ ಹತ್ತನೇ ಪರೀಕ್ಷೆಗೆ ಕಟ್ಟಬಹುದು ಅಂತಷ್ಟೇ ಹೇಳಿ ಬಿಡಬಹುದಿತ್ತು. ಬಿಡಲಿಲ್ಲ. "2025ರ ಎಸ್ಸೆಸ್ಸೆಲ್ಸಿಯಲ್ಲಿ ನಮ್ಮ ಜಿಲ್ಲೆ ಕೊನೇದು. ಪಾಸಾದವರು ನೂರಕ್ಕೆ 42.43. ಸಾಲಿಗೆ ಹೋದವರದ್ದು ಇದು" ಅಂದೆ. ಅವಳು ಏನೂ ಅನ್ನಲಿಲ್ಲ, ತಾಟು ಎತ್ತಿಕೊಂಡು ಒಳಗೆ ಹೋದಳು. ಅಪ್ಪ ಅವ್ವ ದುಡಿಯೋಕೆ ಬೇರೆ ಊರಿಗೆ ಹೋದಾಗ ಅರ್ಧ ವರ್ಷ ತಪ್ಪಿಹೋಗುವ ಮಕ್ಕಳನ್ನ ಮತ್ತೆ ಕೂರಿಸಿ 'ರ ಗ ಸ ದ ಅ' ಇಂದ ಶುರು ಮಾಡುವವಳು ಅವಳು. ಆ 42ರಲ್ಲಿ ಅವಳ ಬೆವರೂ ಇದೆ. ಅಂಥವಳಿಗೆ ನಾನು ಎರಡು ಮಕ್ಕಳು, ಒಂದು ಚಾಪೆ ಇಟ್ಟುಕೊಂಡು ಅಂಕಿ ಎಸೆದೆ. ಈ ಜೂನ್‌ನಲ್ಲಿ ಅವಳೇ ಬಂದು ಆ ಐದು ಅಕ್ಷರ ಬರೆದುಕೊಟ್ಟು ಹೋದಳು, ಹಳೇ ಮಾತು ತೆಗೆಯಲಿಲ್ಲ. ನಾನೂ ತೆಗೆಯಲಿಲ್ಲ.

ಬಜಾರದಿಂದ ಬಂದ ಆ ರಾತ್ರಿ ಯಾಕೋ ನಮ್ಮ ಮುತ್ಯಾ ನೆನಪಾದರು, ನಮ್ಮಪ್ಪನ ಅಪ್ಪ. ನಿಜಾಮರ ಕಾಲದಲ್ಲಿ ಶಾಲೆಗೆ ಹೋದವರು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಉರ್ದು. 1948ರ ಸೆಪ್ಟೆಂಬರ್ 17 ಆದಮೇಲೆ ಎಲ್ಲ ನಿಧಾನಕ್ಕೆ ಬದಲಾಯಿತು, ಆದರೆ ಅವರ ಕೈ ಬದಲಾಗಲಿಲ್ಲ. ಕೊನೆಯವರೆಗೂ ಬೀಜದ ಲೆಕ್ಕ, ಆಳಿನ ಲೆಕ್ಕ ಉರ್ದುವಿನಲ್ಲೇ ಬರೆದರು. ಆ ವಹಿ ಈಗಲೂ ಅಪ್ಪನ ಟ್ರಂಕಿನಲ್ಲಿದೆ, ಮನೆಯಲ್ಲಿ ಓದೋಕೆ ಬರುವವರು ಒಬ್ಬರೂ ಇಲ್ಲ. ಶಾಲೆಗೊಂದು ಮಾತು, ಮನೆಗೊಂದು ಮಾತು ಇಟ್ಟುಕೊಂಡೇ ಬೆಳೆದವರು ಅವರು, ಯಾವ ಬಾಗಿಲಲ್ಲಿ ಯಾವುದು ನಡೆಯುತ್ತೆ ಅಂತ ಆರು ವರ್ಷಕ್ಕೇ ಗೊತ್ತಿತ್ತು. ಅವರನ್ನ ಯಾರೂ ಸುಳ್ಳುಗಾರ ಅನ್ನಲಿಲ್ಲ. ಈಗ ಜನ ಮಾತಾಡೋದು ನೋಡಿದರೆ ಶಾಲೆ ಅನ್ನೋದು ಶರಣಬಸವೇಶ್ವರರ ಗುಡಿ ಥರ, ಇದ್ದಲ್ಲೇ ಇದ್ದು ಹಾಗೇ ಇರುತ್ತೆ ಅನ್ನೋ ಹಾಗೆ. ನಮ್ಮ ಮನೆಯಲ್ಲೇ ಮೂರು ತಲೆಮಾರಿಗೆ ಮೂರು ಶಾಲೆ ಆಯಿತು: ಮುತ್ಯಾನದು ಉರ್ದು, ಅಪ್ಪನದು ಕನ್ನಡ, ನನ್ನದು ಇಂಗ್ಲಿಷ್ ಮೀಡಿಯಂ. ನಾಲ್ಕನೆಯದು ಈ ಚಾಪೆ.

ಇದೆಲ್ಲ ಯೋಚಿಸಿ ಸಮಾಧಾನ ಮಾಡಿಕೊಂಡೆ ಅಂತ ಬರೆದರೆ ಚಂದ ಇರುತ್ತೆ. ಆಗಲಿಲ್ಲ. ಮರುದಿನ ಮಧ್ಯಾಹ್ನ, ಮಗ ಮಲಗಿದ ಮೇಲೆ ಕೇಳಿಯೇ ಬಿಟ್ಟೆ. ಬೈಯ್ಯೋಕಲ್ಲ ಅಂತ ಮೊದಲೇ ಹೇಳಿದೆ.

"ಆ ಆಯಿಗೆ ಸಾಲಿಗಿ ಹೋಗ್ತೀನಿ ಅಂತ ಯಾಕಂದಿ?"

ಎತ್ತಿನ ಕೊಂಬಿಗೆ ಸುಣ್ಣ ಹಚ್ಚುತ್ತಿದ್ದಳು. ತಲೆ ಎತ್ತಲಿಲ್ಲ.

"ಮನ್ಯಾಗ ಓದ್ತೀನಿ ಅಂದ್ರ ಅವರು ನನಗ ಕೇಳೋದು ಬಿಟ್ಟು ನಿನಗ ಕೇಳ್ತಾರ."

"ಕೇಳ್ಲಿ. ನಾ ಹೇಳ್ತೀನಿ."

"ನೀ ಹೇಳ್ತಿ. ಆಮ್ಯಾಲ ನಿನ್ನ ಮಾರಿ ಹಿಂಗಾಗ್ತದ."

ಬ್ರಶ್ ಕೆಳಗಿಟ್ಟು ನನ್ನ ಮುಖ ಮಾಡಿ ತೋರಿಸಿದಳು. ಹುಬ್ಬು ಮೇಲೆ, ತುಟಿ ಬಿಗಿ, ಆ ಬಿಗಿ ತುಟಿಯಲ್ಲೇ ಒಂದು ನಗು. ಅಷ್ಟು ಚೆನ್ನಾಗಿ ಮಾಡಿದಳು ಅಂದರೆ, ಅದು ಬೀಗರಿಗೆ ಇಟ್ಟ ಉತ್ತರದ ಮುಖ ಅಂತಲೂ ನನಗೆ ಗೊತ್ತಾಯಿತು. ಇಷ್ಟು ದಿನ ಆ ಮುಖ ಹೊರಗೆ ಕಾಣೋದಿಲ್ಲ ಅಂತಲೇ ತಿಳಿದಿದ್ದೆ.

"ಮುಂಜಾನಿ ಸಿಟ್ಟಿಗಿ ಬರ್ತಾರ ಅಂತ ಯಾಕಂದಿ ಮತ್ತ?"

"ಅಕಿ ಕೇಳಿದ್ಲಲ್ಲ."

ಅದಕ್ಕೆ ನಾನೇನು ಹೇಳಲಿ.

ಅಮಾವಾಸ್ಯೆ ಆಯಿತು. ಎತ್ತುಗಳಿಗೆ ಹೋಳಿಗೆ ಎಡೆ ಆಯಿತು, ಮಾವನವರು ಆರತಿ ಮಾಡಿದರು. ಆ ವಾರದ ಪುಟಕ್ಕೆ "ನೂರರಲ್ಲಿ ಅರವತ್ತು ಕಳೆದಳು, ಬೆರಳು ಬಳಸಲಿಲ್ಲ" ಅಂತ ಬರೆದೆ. ಅದರ ಕೆಳಗೆ ಇನ್ನೊಂದು ಸಾಲು ಬರೆಯೋಕೆ ಹೋಗಿ, ಯಾವ ಕಾಲಮ್ಮಿಗೆ ಬರುತ್ತೆ ಅಂತ ತಿಳಿಯದೆ ಪೆನ್ ಮುಚ್ಚಿದೆ. ನಾದಿನಿಗೆ ಫೋನ್ ಮಾಡಿದೆ. ಹಬ್ಬದ ಮಾತು, ಮಳೆ ಮಾತು ಆಯಿತು. ಆಮೇಲೆ ಆ ಹೋದ ವರ್ಷದ ಮಾತು ತೆಗೆದೆ. "ಅಯ್ಯ, ಅದನ್ನಿನ್ನೂ ಇಟ್ಕೊಂಡೀರೇನು" ಅಂದಳು. ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದು, ಮುಂದಿನ ಐದು ಅಕ್ಷರ 'ಜ ವ ಮ ಬ ನ' ಯಾವಾಗ ಶುರು ಮಾಡ್ಲಿ ಅಂತ ನಾನು ಕೇಳಿದೆ.

ಇವತ್ತು ಬೆಳಗ್ಗೆ ಎಂಟಕ್ಕೆ ಚಾಪೆ ಹಾಸಿದೆ. ಕುಕ್ಕರ್ ಕೂಗಿತು. ಮಗ ಬಾಟಲಿ ಕವುಚಿ ಹಾಕಿದ, ಬೇಳೆ ಎಲ್ಲ ಚಾಪೆ ಮೇಲೆ. ನಾನು ಉಸಿರು ಎಳಕೊಂಡೆ. ಮಗಳು ಸ್ಲೇಟಿನಿಂದ ತಲೆ ಎತ್ತಿ, ಕಿಟಕಿಯಲ್ಲಿದ್ದ ನಾಲ್ಕು ಎತ್ತುಗಳನ್ನೂ ಒಂದೊಂದಾಗಿ ಗೋಡೆ ಕಡೆ ತಿರುಗಿಸಿ ಇಟ್ಟು ಬಂದು ಕೂತಳು.

"ಹೂಂ, ಈಗ ಬೈರಿ ಅಕ್ಕೋರ" ಅಂದಳು.