ಗೆರೆಯನ್ನೇ ಬಾಗಿಸಿದ ಹುಲ್ಲು: ದಾವಣಗೆರೆಯ ಮದ್ದಿನ ಗಿಡಗಳ ಲೆಕ್ಕ

ಯಾವ ಸಸ್ಯ ಕುಟುಂಬದ ಗಿಡಗಳನ್ನು ಜನರು ಮದ್ದಿಗೆ ಹೆಚ್ಚಾಗಿ ಆರಿಸಿಕೊಂಡಿದ್ದಾರೆ, ಯಾವುದನ್ನು ಕೈಬಿಟ್ಟಿದ್ದಾರೆ ಎಂದು ದಾವಣಗೆರೆ ಜಿಲ್ಲೆಯ ಮಟ್ಟಿಗೆ ನಾನು ಹಾಕುತ್ತಿರುವ ಲೆಕ್ಕದಲ್ಲಿ ಹುಲ್ಲಿನ ಕುಟುಂಬವು ಕೊನೆಗೂ ತನಗೆ ಸಲ್ಲುವ ಜಾಗದಲ್ಲಿ ಕುಳಿತಿದೆ. ಗಿಡ ಒತ್ತುವುದು, ಒಣಗಿಸುವುದು, ಹಾಳೆಗೆ ಹೊಲಿಯುವುದು ಹರ್ಬೇರಿಯಂ (ಒಣಗಿಸಿದ ಗಿಡಗಳ ಸಂಗ್ರಹ) ಹವ್ಯಾಸವಿರುವ ಎಲ್ಲರಿಗೂ ಗೊತ್ತಿರುವುದರಿಂದ, ಮಳೆಗಾಲವಿಡೀ ನನ್ನನ್ನು ಸತಾಯಿಸಿದ ತೊಡಕನ್ನಷ್ಟೇ ಇಲ್ಲಿ ದಾಖಲಿಸುತ್ತೇನೆ.

ವಿಧಾನವು ಅಮೆರಿಕದ ವೈದ್ಯಕೀಯ ಮಾನವಶಾಸ್ತ್ರಜ್ಞ ಡೇನಿಯಲ್ ಮೋರ್ಮನ್ ಅವರದು. ಉತ್ತರ ಅಮೆರಿಕದ ಮೂಲನಿವಾಸಿಗಳ ಮದ್ದಿನ ಗಿಡಗಳನ್ನು ದಶಕಗಳ ಕಾಲ ಪಟ್ಟಿ ಮಾಡಿದ ಅವರು, ಒಂದು ಸಸ್ಯ ಕುಟುಂಬದಲ್ಲಿ ಒಟ್ಟು ಎಷ್ಟು ಪ್ರಭೇದಗಳಿವೆ, ಅವುಗಳಲ್ಲಿ ಎಷ್ಟು ಮದ್ದಾಗಿವೆ ಎಂಬುದನ್ನು 1979ರ ಲೇಖನದಲ್ಲಿ ರಿಗ್ರೆಶನ್ ಗೆರೆಯ (ಕುಟುಂಬದ ಗಾತ್ರಕ್ಕೆ ಎಷ್ಟು ಮದ್ದಿನ ಗಿಡಗಳು ನಿರೀಕ್ಷಿತವೆಂದು ತೋರಿಸಲು, ಎಲ್ಲ ಬಿಂದುಗಳಿಗೂ ಆದಷ್ಟು ಹತ್ತಿರವಾಗಿ ಎಳೆದ ನೇರ ಗೆರೆ) ಮೂಲಕ ಅಳೆದರು. ಗೆರೆಯ ಮೇಲಿರುವ ಕುಟುಂಬವನ್ನು ಜನರು ಆರಿಸಿಕೊಂಡಿದ್ದಾರೆ, ಕೆಳಗಿರುವುದನ್ನು ಕೈಬಿಟ್ಟಿದ್ದಾರೆ. ಅವರ ಲೆಕ್ಕದಲ್ಲಿ ಸೂರ್ಯಕಾಂತಿಯ ಕುಟುಂಬ ಮೇಲ್ತುದಿಯಲ್ಲೂ ಹುಲ್ಲಿನ ಕುಟುಂಬ ತಳದಲ್ಲೂ ನಿಂತವು. ಗಿಡಮೂಲಿಕೆಯೆಲ್ಲ ಬರಿಯ ನಂಬಿಕೆಯಾಗಿದ್ದರೆ ಆಯ್ಕೆಯು ಹೀಗೆ ವಾಲುತ್ತಿರಲಿಲ್ಲ ಎಂಬುದು ಅಲ್ಲಿನ ವಾದದ ತಿರುಳು.

ಛೇದಕ್ಕೆ, ಅಂದರೆ ಒಟ್ಟು ಪ್ರಭೇದಗಳ ಎಣಿಕೆಗೆ, ದಾವಣಗೆರೆ ಜಿಲ್ಲೆಯ ಸಸ್ಯಸಂಪತ್ತಿನ ಕುರಿತು 2004ರಲ್ಲಿ ಪ್ರಕಟವಾದ ಗ್ರಂಥವನ್ನೂ, ಅಂಶಕ್ಕೆ, ಅಂದರೆ ಮದ್ದಿನ ಗಿಡಗಳ ಎಣಿಕೆಗೆ, ಜಗಳೂರು, ಚನ್ನಗಿರಿ ಕಡೆಯ ನಾಟಿ ವೈದ್ಯರು ಹೇಳಿದ ಗಿಡಗಳನ್ನೂ ಇಟ್ಟುಕೊಂಡೆ. ತೊಡಕು ಹುಟ್ಟಿದ್ದು ಇಲ್ಲಿಯೇ. ನಮ್ಮ ಬಯಲುಸೀಮೆಯಲ್ಲಿ ಹುಲ್ಲು ಬಹು ದೊಡ್ಡ ಕುಟುಂಬ. ಗರಿಕೆ, ದರ್ಭೆ, ಲಾವಂಚದಂಥ ಕೆಲವನ್ನು ಬಿಟ್ಟರೆ ಅದರಲ್ಲಿ ಮದ್ದೆಂದು ಎಣಿಸುವಂಥದ್ದು ಕಡಿಮೆ. ಅಡ್ಡಕ್ಕೆ ಒಟ್ಟು ಪ್ರಭೇದಗಳನ್ನೂ ಎತ್ತರಕ್ಕೆ ಮದ್ದಿನ ಪ್ರಭೇದಗಳನ್ನೂ ಗುರುತಿಸಿದ ನಕ್ಷೆಯ ಬಲತುದಿಯಲ್ಲಿ ಒಂಟಿಯಾಗಿ ನಿಂತ ಇಂಥ ಬಿಂದು, ಏತದ ತುದಿಗೆ ನಡೆದುಹೋದವನ ಭಾರದಂತೆ, ಇಡೀ ಗೆರೆಯನ್ನು ತನ್ನತ್ತ ಬಗ್ಗಿಸಿಕೊಳ್ಳುತ್ತದೆ. ಪರಿಣಾಮವಾಗಿ ಹುಲ್ಲಿನ ಕೊರತೆಯೇ ಚಿಕ್ಕದಾಗಿ ತೋರುತ್ತದೆ. ಗೆರೆಯ ಎಡತುದಿ ಮೇಲೇಳುವುದರಿಂದ, ಎರಡು ಮೂರೇ ಪ್ರಭೇದಗಳಿದ್ದು ಅವೆಲ್ಲವೂ ಮದ್ದಾಗಿರುವ ಅಮೃತಬಳ್ಳಿಯ ಕುಟುಂಬವು ಸಾಧಾರಣವೆಂಬ ತೀರ್ಪು ಪಡೆಯುತ್ತದೆ! ದೊಡ್ಡ ಸಂಖ್ಯೆಗಳ ಅಂತರವನ್ನು ಕುಗ್ಗಿಸುವ ಲಾಗ್ (ಲಾಗರಿದಮ್) ಅಳತೆಗೆ ಬದಲಿಸಿದರೆ, ಒಂದೂ ಮದ್ದಿಲ್ಲದ ಕುಟುಂಬಗಳು ಸೊನ್ನೆಗೆ ಲಾಗ್ ಇಲ್ಲವೆಂಬ ಕಾರಣದಿಂದ ಲೆಕ್ಕದಾಚೆ ಉಳಿಯುತ್ತವೆ. ಹುಲ್ಲನ್ನೇ ತೆಗೆದುಹಾಕೋಣವೆಂದರೆ ಲೆಕ್ಕದ ಅತ್ಯಂತ ಸ್ವಾರಸ್ಯದ ಕುಟುಂಬವೇ ಹೋಯಿತು.

ದಾರಿ ಸಿಕ್ಕಿದ್ದು ಈಕ್ವೆಡಾರಿನ ಶುವಾರ್ ಜನರ ಮದ್ದಿನ ಗಿಡಗಳ ಕುರಿತ 2008ರ ಅಧ್ಯಯನವೊಂದರಲ್ಲಿ. ಅಲ್ಲಿ ಗೆರೆಯ ಹಂಗೇ ಇಲ್ಲ. ಇಡೀ ಪಟ್ಟಿಯಲ್ಲಿ ಮದ್ದಿನ ಗಿಡಗಳ ಪ್ರಮಾಣವನ್ನು ಹಿಡಿದು, ಪ್ರತಿ ಕುಟುಂಬದ ಸಂಖ್ಯೆಯು ಬರಿಯ ಆಕಸ್ಮಿಕದಿಂದ ಬರುವ ಸಂಭವವೆಷ್ಟೆಂದು ದ್ವಿಪದ ವಿತರಣೆಯಿಂದ (ಹೌದು-ಇಲ್ಲವೆಂಬ ಎರಡೇ ಉತ್ತರವಿರುವ ಎಣಿಕೆಗಳ ಸಂಭವದ ಲೆಕ್ಕ) ಕೇಳುತ್ತಾರೆ. ಸ್ಪ್ರೆಡ್‌ಶೀಟಿನಲ್ಲಿ ಇದಕ್ಕೆ ಒಂದು ಸೂತ್ರ ಸಾಕು. ಹುಲ್ಲು ಸಂಶಯಕ್ಕೆ ಎಡೆಯಿಲ್ಲದಂತೆ ಕೆಳಗಿಳಿಯಿತು. ಪ್ರಭೇದಗಳು ಎರಡು ಮೂರೇ ಇರುವುದರಿಂದ ಅಮೃತಬಳ್ಳಿಯ ಕುಟುಂಬಕ್ಕೆ ಮಾತ್ರ ಈಗ ‘ಪುರಾವೆ ಸಾಲದು’ ಎಂಬ ಉತ್ತರ ಬರುತ್ತದೆ. ಇದು ಸಾಧಾರಣವೆನ್ನುವುದಕ್ಕಿಂತ ಪ್ರಾಮಾಣಿಕವೆಂದು ನಾನು ಒಪ್ಪಿಕೊಂಡಿದ್ದೇನೆ, ಅಜ್ಜಿಯರು ಒಪ್ಪಲಾರರು.

ಹುಲ್ಲನ್ನು ಜನ ಬಿಟ್ಟಿದ್ದೇಕೆ? ಮೇಯುವ ಪ್ರಾಣಿಗಳ ವಿರುದ್ಧ ಹುಲ್ಲು ಬಹುಮಟ್ಟಿಗೆ ಸಿಲಿಕಾವನ್ನೂ ಬುಡದಿಂದ ಮತ್ತೆ ಚಿಗುರುವ ಶಕ್ತಿಯನ್ನೂ ನೆಚ್ಚಿಕೊಂಡಿದೆ. ಮದ್ದಾಗಬಲ್ಲ ಕಹಿ ರಾಸಾಯನಿಕಗಳಿಗೆ ಅದು ಅಷ್ಟಾಗಿ ಕೈಹಾಕಿಲ್ಲ.

ಹೀಗೆ ರಸಾಯನದ ಪರವಾಗಿ ಲೆಕ್ಕ ಕೊಟ್ಟ ಮೋರ್ಮನ್ನರೇ, ಪ್ಲಸೀಬೊ (ಔಷಧವಿಲ್ಲದ ಹುಸಿಮದ್ದು) ಜಡವಸ್ತುವಾದ ಮೇಲೆ ಅದರಿಂದ ಪರಿಣಾಮ ಹೇಗೆ ಬಂದೀತೆಂದು ಕೇಳಿ, ದೇಹವು ಸ್ಪಂದಿಸುವುದು ಚಿಕಿತ್ಸೆಯ ಅರ್ಥಕ್ಕೆ ಎಂದು ವಾದಿಸಿದರು. 1972ರಲ್ಲಿ ವೈದ್ಯವಿದ್ಯಾರ್ಥಿಗಳಿಗೆ ಔಷಧವೇ ಇಲ್ಲದ ಗುಳಿಗೆಗಳನ್ನು ಕೊಟ್ಟಾಗ, ನೀಲಿಯವು ಗುಲಾಬಿಯವುಗಳಿಗಿಂತ ಹೆಚ್ಚು ಮಂಪರು ತಂದವು, ಒಂದಕ್ಕಿಂತ ಎರಡು ಗುಳಿಗೆಗಳು ಹೆಚ್ಚು ಕೆಲಸ ಮಾಡಿದವು. ಹೀಗೆಯೇ ಮದ್ದಿಗೆ ಅರ್ಥ ತುಂಬಬಹುದಾದ, ಕಾಮಾಲೆಗೆ ನೆಲನೆಲ್ಲಿ ಕೊಡುವವರು ಹೇಳುವ ವಾರದ ಇಂಥದೇ ದಿನ, ಬರಿಹೊಟ್ಟೆ, ಉಪ್ಪು-ಎಣ್ಣೆಯ ಪಥ್ಯಗಳನ್ನು ನಾನು ಈವರೆಗೆ ಹಾಳೆಯ ಅಂಚಿನಲ್ಲಿ ಗೀಚುತ್ತಿದ್ದೆ. ಮುಂದಿನ ಕೆಲಸವೆಂದರೆ ಅವುಗಳಿಗೆ ಪ್ರತ್ಯೇಕ ಕಾಲಂಗಳನ್ನು ಹಾಕಿ, ನಿರೀಕ್ಷೆಗಿಂತ ಕಡಿಮೆ ಮದ್ದಾಗಿರುವ ಕುಟುಂಬಗಳ ಗಿಡಗಳಿಗೆ ಕಟ್ಟುಪಾಡು ಹೆಚ್ಚೇ ಎಂದು ನೋಡುವುದು. ಗರಿಕೆಯಿಂದಲೇ ಆರಂಭಿಸುತ್ತೇನೆ.